ಆನೆಯ ವಾರ, ಕತ್ತೆಯ ವಾರ

ಗೆಳೆಯ ಬೊನವೆಂಚರನ ಹೆಂಡತಿ ಲಿಜ್ಜಿ ಕುವೈತಿಗೆ ಬಂದಿಳಿದ ಸುದ್ದಿಯನ್ನು ರೋಕ್ ಹೇಳಿದಾಗ ಶ್ಯಾಮಸುಂದರ ಮೀನಾ ಅಬ್ದುಲ್ಲಾದ ರಿಫೈನರಿ ಕ್ಯಾಂಟೀನಿನಲ್ಲಿ ಮೊಸರನ್ನ ಕಲೆಸುತ್ತಿದ್ದ. ಕೈ ಹಾಗೇ ನಿಂತಿತು.

"ಮಗಳ ಹತ್ರ ಬಂದದ್ದು. ನತಾಶಾಗೆ ಇಲ್ಲೇ ನರ್ಸ್ ಕೆಲಸ ಸಿಕ್ಕಿದೆ ಅಲ್ವಾ," ಎಂದ ರೋಕ್. "ನಿನ್ನನ್ನು ನೋಡ್ಬೇಕಂತೆ. ಎಂತದೋ ಕೇಳ್ಲಿಕ್ಕೆ ಉಂಟಂತೆ."

"ಏನಂತೆ?"

"ಬೋನ ಬೇಲಿ ಒಳಗೆ ಕೂತ್ಕೊಂಡು ಬೇಲಿ ಒಳ್ಳೇದು ಬೇಲಿ ಒಳ್ಳೇದು ಅಂತಿದ್ದನಲ್ಲ, ಅದು ಮನಸ್ಸಿಂದ ಹೇಳಿದ್ದಾ ಅಂತ. ನನ್ನ ಹತ್ರ ಕೇಳಿದ್ರು. ನಾನು ಹಿಂದಿನ ಸೀಟಿನವ, ಗೊರಕೆ ಹೊಡೀತಿದ್ದೆ, ಅದೆಲ್ಲ ಶ್ಯಾಮನಿಗೇ ಗೊತ್ತು ಅಂದೆ."

"ಒಳ್ಳೆ ಸಿಕ್ಕಿಸಿಟ್ಟೆ ಬಿಡು."

"ಮತ್ತೆ? ನಿಮ್ಮಿಬ್ಬರ ವಿಧಾನಸಭೆಗೆ ನಾನು ಸ್ಪೀಕರ್. ಸ್ಪೀಕರಿಗೆ ಅಭಿಪ್ರಾಯ ಇರ್ತದಾ?" ರೋಕ್ ನಗಲು ನೋಡಿದ. ನಗು ಬರಲಿಲ್ಲ. ತಟ್ಟೆ ಎತ್ತಿಕೊಂಡು ಹೋದ.

ಬೊನವೆಂಚರ್ ಸತ್ತು ಐದು ವರ್ಷ ದಾಟಿತ್ತು. ಕೋವಿಡ್ಡಿನ ಹೆಣ, ಊರಿಗೆ ಕಳಿಸುವ ಮಾತೇ ಇರಲಿಲ್ಲ. ಸುಲೈಬಿಖಾತಿನ ಮರಳಿನಲ್ಲಿ ಮಣ್ಣು ಮಾಡಿದ್ದರು. ಆದರೆ ಶ್ಯಾಮಸುಂದರನ ಪಾಲಿಗೆ ಅವನು ಸತ್ತವರ ಹಾಗೆ ಸುಮ್ಮನಿದ್ದವನಲ್ಲ. ಬೆಳಗ್ಗೆ ಮಂಗಫ್‌ನಿಂದ ಕಾರು ಹೊರಟು ಫಾಹೀಲ್ ದಾಟಿ, ಎಡಗಡೆ ಮೀನಾ ಅಲ್ ಅಹ್ಮದಿಯ ಚಿಮಣಿ ಬೆಂಕಿ ಕಾಣುವ ಹೊತ್ತಿಗೆ ಮಾತು ಶುರುವಾಗುತ್ತಿತ್ತು. ಫೋನಿನಲ್ಲಿ ಯಾರೋ ಅಮೆರಿಕದ ತೆರಿಗೆಯ ಸುದ್ದಿ ಓದುತ್ತಿದ್ದರೆ ಸಾಕು, ಬಲಕಿವಿಯ ಪಕ್ಕದಲ್ಲೇ, "ಹಾಗಲ್ಲ ಶ್ಯಾಮ, ಕೇಳಿಲ್ಲಿ ಮಾರಾಯ." ಬೆಚ್ಚಿ ತಿರುಗಿದರೆ ಖಾಲಿ ಸೀಟು. ಖಾಲಿ ಎಂದರೂ ಪೂರ್ತಿ ಖಾಲಿಯಲ್ಲ. ಪಕ್ಕದ ಸೀಟಿನವರು ಬೆಲ್ಟು ಹಾಕಿಲ್ಲವೆಂದು ಗಾಡಿ ಟಿಣ್ ಟಿಣ್ ಎನ್ನುತ್ತಿತ್ತು. ಗ್ಯಾರೇಜಿನ ಅಶ್ಕರ್ ನೋಡಿ, "ಸೆನ್ಸರ್ ಖಲಾಸ್ ಭಾಯಿ, ಯಾರೂ ಕೂರದೆ ಇದ್ರೂ ಭಾರ ತೋರಿಸ್ತದೆ. ಬದಲಿಸುವಾ?" ಎಂದಿದ್ದ. ಶ್ಯಾಮಸುಂದರ ಬೇಡವೆಂದ. ಖಾಲಿ ಸೀಟಿಗೇ ಬೆಲ್ಟು ಹಾಕಿಟ್ಟ. ಹೆಂಡತಿ ಕಾವೇರಮ್ಮ ಒಂದು ದಿನ ಬೆಲ್ಟು ಬಿಚ್ಚಿ ಅಲ್ಲಿ ಕೂತವಳು, "ಈಗ ತಾನೆ ಯಾರೋ ಎದ್ದೋದಂಗೆ ಬೆಚ್ಚಗದಲ್ರೀ" ಎಂದು ಕೆಳಗಿಳಿದಳು. ಬಿಸಿಲಿಗೆ ನಿಂತ ಗಾಡಿ, ಬೆಚ್ಚಗಿರದೆ ತಣ್ಣಗಿರುತ್ತದೆಯೇ? ಆದರೂ ಅಂದಿನಿಂದ ಅವಳು ಹಿಂದೆಯೇ ಕೂರುತ್ತಿದ್ದಳು.

ಬೊನವೆಂಚರ್ ಕಿನ್ನಿಗೋಳಿ ಕಡೆಯವನು, ಶ್ಯಾಮಸುಂದರ ಮದ್ದೂರಿನ ನಾಲೆ ಬಯಲಿನವನು. ಒಂದೇ ರಿಫೈನರಿಯ ಕೆಲಸ, ಅಕ್ಕಪಕ್ಕದ ಬಡಾವಣೆಗಳಲ್ಲಿ ಮನೆ. ಪೆಟ್ರೋಲು ಉಳಿಯಲಿ ಎಂದು ಒಂದು ವಾರ ಇವನ ಕಾರು, ಒಂದು ವಾರ ಅವನ ಕಾರು. ಮೊದಮೊದಲು ಊರಿನ ರಾಜಕೀಯವನ್ನೇ ಆಡುತ್ತಿದ್ದರು. ಒಂದು ಚುನಾವಣೆಯಲ್ಲಿ ಮಾತಿಗೆ ಮಾತು ಬೆಳೆದು, ಆಮೇಲೆ ಬಹಳ ದಿನ ಆ ಕಾರಿನಲ್ಲಿ ಕೆಮ್ಮು ಸೀನು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಇಲ್ಲಿಯ ರಾಜಕೀಯ ಆಡೋಣವೆಂದರೆ ಉಂಡ ಮನೆಯ ಜಂತೆ ಎಣಿಸಬಾರದು. ಕಡೆಗೆ ಹಿಂದಿನ ಸೀಟಿನಿಂದ ರೋಕ್ ಎದ್ದು ಕೂತು ತೀರ್ಪು ಕೊಟ್ಟ: "ಜಗಳ ಬೇಕೇ ಬೇಕಾದ್ರೆ ಯಾರಿಗೂ ತಾಗದ ಕಡೆ ಮಾಡಿ ಮಾರಾಯ್ರೇ. ಅಮೆರಿಕ ಉಂಟಲ್ಲ. ಅವರಿಗೆ ನಮ್ಮ ಗುರುತಿಲ್ಲ, ನಮಗೆ ಅಲ್ಲಿ ಓಟಿಲ್ಲ."

ಹಾಗೆ ಹುಟ್ಟಿತು ಕಾರಿನ ನೇಮ. ಗಾಡಿ ಓಡಿಸುವವನು ಆನೆ, ಪಕ್ಕದವನು ಕತ್ತೆ. ಅಲ್ಲಿಯ ಎರಡು ಪಕ್ಷಗಳ ಗುರುತು ಅವು. ಧನಿಕರ ಮೇಲಿನ ತೆರಿಗೆ ಇಳಿಸಿ, ಸರಕಾರ ಕೈಕಟ್ಟಿ ಕೂರಲಿ ಎನ್ನಬೇಕಾದವನು ಆನೆ. ಉಳ್ಳವರಿಂದ ತೆಗೆದು ಇಲ್ಲದವರಿಗೆ ಹಂಚಿ ಎನ್ನಬೇಕಾದವನು ಕತ್ತೆ. ಭಾನುವಾರ ಕೆಲಸದ ವಾರ ಶುರುವಾಗುತ್ತಲೂ ಕಾರು ಬದಲು, ಕಾರು ಬದಲಾದರೆ ಪಕ್ಷ ಬದಲು. ವಾರದ ನಡುವೆ ಯಾರಾದರೂ ಸೋಲೊಪ್ಪಿದರೆ ಫಾಹೀಲಿನಲ್ಲಿ ಮೂವರಿಗೂ ಬಿರಿಯಾನಿ ಕೊಡಿಸಬೇಕು.

ಸಂಬಳದ ಮೇಲೆ ಬಿಡಿಗಾಸು ತೆರಿಗೆಯಿಲ್ಲದ ದೇಶದಲ್ಲಿ ಕೂತು, ಎಂದೂ ನೋಡದ ದೇಶದ ಕೋಟ್ಯಧಿಪತಿಗಳ ತೆರಿಗೆಗೆ ಇಬ್ಬರೂ ಗಂಟಲು ಹರಿದುಕೊಳ್ಳುತ್ತಿದ್ದರು.

"ನಮ್ಮಲ್ಲಿ ನೀರು ನಿಲ್ಲಿಸ್ಲಿಕ್ಕೆ ತೋಡಿಗೆ ಕಟ್ಟ ಹಾಕುವಾಗ ಮನೆಗೊಂದು ಆಳು ಬರ್ಬೇಕು. ದೊಡ್ಡ ಜಮೀನಿನ ಗುತ್ತಿನ ಮನೆಯವರದ್ದು ನಾಲ್ಕು ಆಳು. ಯಾಕೆ ಹೇಳು? ನೀರು ಜಾಸ್ತಿ ಹೋಗುದು ಅವರ ಗದ್ದೆಗೆ. ತೆರಿಗೆ ಅಂದ್ರೆ ಅಷ್ಟೇ," ಎನ್ನುತ್ತಿದ್ದ ಬೊನವೆಂಚರ್ ಕತ್ತೆಯಾಗಿ.

"ನಮ್ ನಾಲೇಗೆ ಒಬ್ಬ ನೀರುಗಂಟಿ ಇದ್ದ ಕಣಪ್ಪ ಪೊರ್ಬುಗಳೇ," ಎನ್ನುತ್ತಿದ್ದ ಶ್ಯಾಮಸುಂದರ ಆನೆಯಾಗಿ. ಕರಾವಳಿಯವರು ಕ್ರೈಸ್ತ ಗಂಡಸರನ್ನು ಕರೆಯುವ ಆ ಹೆಸರನ್ನು ಅವನು ರೋಕ್‌ನಿಂದ ಕಲಿತಿದ್ದ. "ಎಲ್ಲಾರ್ಗೂ ಸಮ ಹಂಚ್ತೀನಿ ಅಂತ ಬಂದೋನು. ಬೇಸಿಗೇಲಿ ನೋಡಿದ್ರೆ ಅವನ ಮಾವನ ಗದ್ದೆ ಒಂದೇ ಹಸಿರು. ಸರ್ಕಾರ ಅಂದ್ರೆ ಅದು."

ಮುಂದಿನ ವಾರ ಕಟ್ಟದ ಕಥೆ ಶ್ಯಾಮಸುಂದರನದಾಗುತ್ತಿತ್ತು, ನೀರುಗಂಟಿಯ ಕಥೆ ಬೊನವೆಂಚರನದು. ಒಬ್ಬರ ಎತ್ತನ್ನು ಇನ್ನೊಬ್ಬರು ತಮ್ಮದೇ ಕೊಟ್ಟಿಗೆಯದೆಂಬಂತೆ ನಾಚಿಕೆಯಿಲ್ಲದೆ ಹೂಡುತ್ತಿದ್ದರು. ವರ್ಷಗಳು ಕಳೆದ ಮೇಲೆ ಯಾರು ನಿಜಕ್ಕೂ ಏನನ್ನು ನಂಬುತ್ತಾರೆಂಬುದೇ ಮರೆತುಹೋಯಿತು. ಹಾಗೆ ಮರೆತದ್ದರಿಂದಲೇ ಸ್ನೇಹ ಉಳಿದಿತ್ತು.

ಆಮೇಲೆ ಕೋವಿಡ್ಡಿನ ಆ ಏಪ್ರಿಲ್ ಬಂತು. ಬೊನವೆಂಚರ್ ಇದ್ದ ಮಹಬೂಲಾಕ್ಕೆ ಬೇಲಿ ಬಿತ್ತು. ಒಳಗಿನವರು ಹೊರಬರುವಂತಿಲ್ಲ, ಹೊರಗಿನವರು ಒಳಹೋಗುವಂತಿಲ್ಲ. ಶ್ಯಾಮಸುಂದರನ ಮಂಗಫ್ ಕೂಗಳತೆಯ ದೂರದಲ್ಲಿದ್ದರೂ ಬೇಲಿಯ ಹೊರಗಿತ್ತು. ಲಿಜ್ಜಿ ಮಗಳ ಓದಿಗೆಂದು ಮೊದಲೇ ಊರಿಗೆ ಹೋಗಿದ್ದಳು, ಬೊನವೆಂಚರ್ ಒಬ್ಬನೇ.

ಬೇಲಿ ಬಿದ್ದ ವಾರ ಶ್ಯಾಮಸುಂದರನ ಕಾರಿನ ಸರದಿಯಿತ್ತು. ಆದ್ದರಿಂದ ಅವನು ಆನೆ, ಬೊನವೆಂಚರ್ ಕತ್ತೆ. ಭಾನುವಾರ ಬಂತು, ಕಾರು ಬದಲಾಗಲಿಲ್ಲ. ಕಾರು ಬದಲಾಗದೆ ಪಕ್ಷ ಬದಲಾಗುವುದು ಹೇಗೆ? ಆಗ ಅಮೆರಿಕದಲ್ಲೂ ಅದೇ ರಾದ್ಧಾಂತ. ಬಾಗಿಲು ಹಾಕಿ ಎನ್ನುತ್ತಿದ್ದರು ಕತ್ತೆಯವರು, ತೆಗೆಯಿರಿ ಎನ್ನುತ್ತಿದ್ದರು ಆನೆಯವರು. ಇವರಿಬ್ಬರೂ ಸಂಜೆ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಅದನ್ನೇ ಮುಂದುವರಿಸಿದರು. ಬೇಲಿಯ ಒಳಗಿದ್ದವನು ಬೇಲಿಯ ಪರ, ಹೊರಗೆ ಪಾಸು ಹಿಡಿದು ಓಡಾಡುತ್ತಿದ್ದವನು ಬೇಲಿಯ ವಿರುದ್ಧ.

"ಪ್ಲೇಗು ಬಂದಾಗ ನಮ್ಮ ತಾತನ ಕಾಲದೋರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕ್ಕಂಡ್ರು ಕಣಯ್ಯ. ರೋಗ ಬಂದ್ರೆ ಜನಾನ ಬಯಲಿಗೆ ಬಿಡ್ಬೇಕು, ದೊಡ್ಡಿಗೆ ಕೂಡಬಾರ್ದು."

"ದನಕ್ಕೆ ಕಾಲುಬಾಯಿ ಜ್ವರ ಬಂದ್ರೆ ನೀನು ಬಯಲಿಗೆ ಬಿಡ್ತೀಯಾ? ಹಟ್ಟಿಯಲ್ಲೇ ಕಟ್ತೀಯಲ್ಲ? ಒಂದು ಹಟ್ಟಿಯದ್ದು ಹೋದ್ರೂ ಊರಿನದ್ದು ಉಳೀಲಿ ಅಂತ."

"ಆಯ್ತು, ಕಟ್ಟಿಸ್ಕೊಂಡು ಬಿದ್ದಿರು. ಹುಲ್ಲು ಹಾಕೋರು ಯಾರು?"

"ಹಾಕ್ತಾರೆ ಮಾರಾಯ, ಹಾಕ್ತಾರೆ. ಶಿಸ್ತು ಬೇಕು ಮನುಷ್ಯನಿಗೆ."

ಬಿಸಿಲು ಏರಿದಂತೆ ಆ ದನಿಯ ನಡುವೆ ಕೆಮ್ಮು ಸೇರಿಕೊಂಡಿತು. ಆಂಬುಲೆನ್ಸಿಗೆ ಫೋನ್ ಮಾಡು ಎಂದರೆ, "ಮನೆಯಲ್ಲೇ ಇರಿ ಅಂದಿದ್ದಾರೆ, ಇದ್ದೇನೆ. ಆಸ್ಪತ್ರೆ ಇರುದು ನನಗಿಂತ ಜಾಸ್ತಿ ಆದವರಿಗೆ" ಎನ್ನುತ್ತಿದ್ದ. ಊರಿನಲ್ಲಿದ್ದ ಹೆಂಡತಿ ಮಗಳಿಗೂ ಅದೇ ಮಾತು. ಒಂದು ಸಂಜೆ ಶ್ಯಾಮಸುಂದರ, ಅವನನ್ನು ರೇಗಿಸಿಯಾದರೂ ಎಬ್ಬಿಸೋಣವೆಂದು, "ಸೋತೆ ಅಂತ ಒಪ್ಕೊ ಪೊರ್ಬು, ಬಿರಿಯಾನಿ ನಾನೇ ಕೊಡಿಸ್ತೀನಿ" ಎಂದ. ಆ ಕಡೆ ತುಸು ಹೊತ್ತು ಬರೀ ಉಸಿರು. "ಸೋಲುದಾ? ಭಾನುವಾರ ಬರ್ಲಿ, ನೋಡುವ." ಆ ಭಾನುವಾರದ ಹೊತ್ತಿಗೆ ನೆರೆಯ ಫ್ಲಾಟಿನವರು ಕರೆಸಿದ ಆಂಬುಲೆನ್ಸು ಅವನನ್ನು ಕರೆದೊಯ್ದಿತ್ತು. ಆಮೇಲೆ ಅವನ ಫೋನನ್ನು ಯಾರೂ ಎತ್ತಲಿಲ್ಲ.

ಶುಕ್ರವಾರ ಲಿಜ್ಜಿ ಊಟಕ್ಕೆ ಬಂದಳು. ಕೂದಲು ಬೆಳ್ಳಗಾಗಿತ್ತು. ಕಾವೇರಮ್ಮ ಮುದ್ದೆ ಬಸ್ಸಾರು ಬಡಿಸಿದಳು.

"ನಿಮ್ಮ ಈ ಉಂಡೆ ನುಂಗ್ಲಿಕ್ಕೆ ನಮ್ಮವರು ಕಲ್ತಿದ್ರಲ್ಲ ಕಾವೇರಮ್ಮ. ನಂಗೆ ಇನ್ನೂ ಆಗುದಿಲ್ಲ ನೋಡಿ. ಅಗಿದುಬಿಡ್ತೇನೆ."

"ಅಗೀರಿ ಅಕ್ಕಾ, ಯಾರು ಕೇಳ್ತಾರೆ. ನತಾಶಾ ಬರ್ತೀನಿ ಅಂದಿದ್ಲು?"

ಲಿಜ್ಜಿ ಮುದ್ದೆಯ ಚೂರನ್ನು ಸಾರಿನಲ್ಲಿ ಹೊರಳಿಸಿದಳು. "ಡ್ಯೂಟಿ ಇಲ್ಲ ಅವಳಿಗೆ. ಬರ್ಲಿಕ್ಕೆ ಮನಸ್ಸಿಲ್ಲ. ಇಲ್ಲಿಗೆ ಬಂದು ಇಷ್ಟು ಸಮಯ ಆಯ್ತು, ಅಪ್ಪನ ಸಮಾಧಿಗೆ ಒಂದ್ಸಲ ಹೋಗ್ಲಿಲ್ಲ. ಹಿ ಚೋಸ್ ಇಟ್ ಮಮ್ಮಿ, ಅಂತಾಳೆ. ನಮಗಿಂತ ಅವರಿಗೆ ಆ ಬೇಲಿ ಹೆಚ್ಚಾಯ್ತು ಅಂತ." ತಲೆಯೆತ್ತಿ ಶ್ಯಾಮಸುಂದರನನ್ನು ನೋಡಿದಳು. "ಹೌದಾ ಶ್ಯಾಮಣ್ಣ? ನಿಮ್ಮ ಹತ್ರ ದಿನಾ ಮಾತಾಡ್ತಿದ್ರು. ಅದು ಅವರ ಮನಸ್ಸಿನ ಮಾತಾ? ಅವಳಿಗೆ ನಾನು ಎಂತ ಹೇಳ್ಲಿ?"

ಶ್ಯಾಮಸುಂದರ ನೀರು ಕುಡಿದ. "ಮೊದ್ಲು ಅಲ್ಲಿಗೆ ಹೋಗ್ಬರೋಣ ಅಕ್ಕ," ಎಂದ.

ಕಾರಿನ ಬಳಿ ಲಿಜ್ಜಿ ಖಾಲಿ ಸೀಟಿಗೆ ಹಾಕಿದ್ದ ಬೆಲ್ಟನ್ನು ಕಂಡಳು. ಏನೂ ಕೇಳದೆ ಬಿಚ್ಚಿ, ಕೂತು, ಮತ್ತೆ ಹಾಕಿಕೊಂಡಳು. ಹಿಂದೆ ಕೂತ ಕಾವೇರಮ್ಮ ಉಸಿರು ಬಿಗಿಹಿಡಿದಳು. ದಾರಿಯುದ್ದಕ್ಕೂ ಶ್ಯಾಮಸುಂದರನ ಬಲಕಿವಿ ಕಾಯುತ್ತಲೇ ಇತ್ತು. ದನಿ ಬರಲಿಲ್ಲ.

ಸುಲೈಬಿಖಾತಿನಲ್ಲಿ ಗಾಳಿ ಎದ್ದಿತ್ತು. ಸಮಾಧಿಯ ಅಂಚಿನ ಕಲ್ಲುಗಳನ್ನು ಮರಳು ಅರ್ಧ ನುಂಗಿತ್ತು. ಮೇಣದ ಬತ್ತಿಯ ಉರಿ ನಿಲ್ಲಲಿಲ್ಲ. ಕಾವೇರಮ್ಮ ಸೆರಗು ಅಡ್ಡ ಹಿಡಿದರೂ ನಿಲ್ಲಲಿಲ್ಲ. ಲಿಜ್ಜಿ ಬತ್ತಿಯನ್ನು ಹಚ್ಚದೆಯೇ ಮರಳಿನಲ್ಲಿ ಊರಿದಳು. ಜಪಮಾಲೆ ಮುಗಿಸಿ ಎದ್ದವಳು ಹೇಳಿದಳು: "ಕೇಳಿದ್ದಕ್ಕೆ ನೀವು ಉತ್ತರ ಕೊಡ್ಲಿಲ್ಲ."

ಅವನು ಹೇಳಿದ. ಆನೆ ಕತ್ತೆಯ ನೇಮವನ್ನು, ಕಾರಿನ ಸರದಿಯನ್ನು, ನಿಂತುಹೋದ ಭಾನುವಾರವನ್ನು ಒಂದೊಂದಾಗಿ ಹೇಳಿದ. ಹೊಲದ ಬದುವಿನ ಜಗಳವನ್ನು ಪಂಚಾಯ್ತಿಯ ಮುಂದೆ ಬಿಡಿಸಿ ಹೇಳುವವರ ಹಾಗೆ, ಏನನ್ನೂ ಕೂಡಿಸದೆ ಕಳೆಯದೆ.

"ಆಟವಾ?" ಎಂದಳು ಲಿಜ್ಜಿ.

"ಆಟವೇ ಅಕ್ಕ. ಆದ್ರೆ ಆಟದೊಳಗೆ ಅವನ ಸ್ವಂತದ್ದು ಎಷ್ಟಿತ್ತೋ ನಂಗೊತ್ತಿಲ್ಲ."

"ನಿಮ್ಮದು? ಬೇಲಿ ಬೇಡ ಅಂತಿದ್ರಲ್ಲ, ಅದು ನಿಮ್ಮ ಸ್ವಂತದ್ದಾ?"

"ಅದೂ ಗೊತ್ತಿಲ್ಲ. ಒಂದು ವಾರ ಹಿಂದೆ ಮುಂದೆ ಆಗಿದ್ರೆ ನಾನು ಬೇಲಿ ಹೊಗಳ್ತಿದ್ದೆ. ಅವನು ಬಯ್ತಿದ್ದ."

"ಬಯ್ತಾ ಇದ್ದಿದ್ರೆ ಆಸ್ಪತ್ರೆಗೆ ಬೇಗ ಹೋಗ್ತಿದ್ರಾ?"

ಇದೇ ಪ್ರಶ್ನೆ ಐದು ವರ್ಷದಿಂದ ಶ್ಯಾಮಸುಂದರನ ತಟ್ಟೆಯಲ್ಲಿ, ಹಾಸಿಗೆಯಲ್ಲಿ, ಸ್ಟೀರಿಂಗಿನ ಮೇಲೆ ಕೂತಿತ್ತು. ಬೇರೆಯವರ ಬಾಯಿಂದ ಕೇಳಿದ್ದು ಇದೇ ಮೊದಲು. ಅವನು ಕಾರಿನ ಕಡೆ ನಡೆದ.

ವಾಪಸು ಬರುವಾಗ, ಅವನಿದ್ದ ಕಟ್ಟಡ ನೋಡಬೇಕು ಎಂದಳು ಲಿಜ್ಜಿ. ಮಹಬೂಲಾದ ಓಣಿಗಳು ಎಂದಿನಂತೆ ಜನರಿಂದ ಗಿಜಿಗುಡುತ್ತಿದ್ದವು. ಬಟ್ಟೆ ಒಣಹಾಕಿದ ಬಾಲ್ಕನಿಗಳು, ಬಾಗಿಲು ತೆರೆದ ಬಕಾಲಾ ಅಂಗಡಿ, ನೀರಿನ ಕ್ಯಾನು ಹೊತ್ತವರು. ಬೇಲಿ ಇಲ್ಲಿತ್ತೆಂದು ತೋರಿಸೋಣವೆಂದರೆ ಗುರುತೂ ಉಳಿದಿರಲಿಲ್ಲ. ನಿಲ್ಲಿಸಲು ಜಾಗ ಸಿಗದೆ ಶ್ಯಾಮಸುಂದರ ಅದೇ ಓಣಿಗಳಲ್ಲಿ ಸುತ್ತುತ್ತಿದ್ದ.

"ಶ್ಯಾಮಣ್ಣ," ಎಂದಳು ಲಿಜ್ಜಿ ಕಿಟಕಿಯ ಕಡೆಯೇ ನೋಡುತ್ತ. "ಅವರ ಮುಂದಿನ ವಾರ ಬರ್ಲೇ ಇಲ್ಲ ಅಲ್ವಾ?"

"ಇಲ್ಲ."

"ಬಂದಿದ್ರೆ ಅವರು ಆನೆ. ಬೇಲಿ ಬೇಡ ಅನ್ನುವವರು."

"ಹೂಂ."

"ನೀವು ಅವರ ಮಾತು ಅವರ ಹಾಗೇ ಹೇಳ್ತೀರಿ ಅಂತ ರೋಕ್ ಹೇಳ್ತಾನೆ. ಆ ವಾರ ಅವರು ಎಂತ ಹೇಳ್ತಿದ್ರು, ಅದನ್ನು ಹೇಳಿ."

"ಬ್ಯಾಡಿ ಅಕ್ಕ," ಎಂದಳು ಕಾವೇರಮ್ಮ ಹಿಂದಿನಿಂದ. "ಸತ್ತೋರ ಬಾಯಿ ಬಿಡಿಸಬಾರ್ದು."

"ಅವರು ಬಾಯಿ ಮುಚ್ಚಿದ್ದು ಯಾವಾಗ ಕಾವೇರಮ್ಮ? ಇವರ ಮುಖ ನೋಡಿದ್ರೆ ಗೊತ್ತಾಗುದಿಲ್ವಾ ನಂಗೆ?"

ಶ್ಯಾಮಸುಂದರ ಗಂಟಲು ಸರಿಮಾಡಿಕೊಂಡ. ಮೊದಲು ಬಂದದ್ದು ಬೊನವೆಂಚರನ ಹಳೆಯ ಸರಕೇ. "ಕೇಳಿಲ್ಲಿ ಶ್ಯಾಮ. ಸರಕಾರಕ್ಕೆ ನನ್ನ ಬಾಗಿಲಿನ ಕೀಲಿ ಕೊಟ್ಟವರು ಯಾರು ಮಾರಾಯ? ಅಮೆರಿಕದಲ್ಲಿ ನೋಡು, ದುಡ್ಡಿದ್ದವ ಸಮುದ್ರದ ಬದಿಯ ಬಂಗ್ಲೆಗೆ ಹೋಗಿ ಕೂತ. ಬೇಲಿ ಬೀಳುದು ಯಾರಿಗೆ? ಒಂದು ರೂಮಲ್ಲಿ ಏಳೆಂಟು ಜನ ಮಲಗುವವರಿಗೆ. ಪ್ಲೇಗಿನಲ್ಲಿ ನಿನ್ನ ತಾತನ ಕಾಲದವರು ಬಯಲಿಗೆ ಹೋದ್ರು ಅಂತೀಯಲ್ಲ, ನಮಗೆ ಬಯಲು ಎಲ್ಲುಂಟು?" ಲಿಜ್ಜಿಯ ತುಟಿಯ ಅಂಚಿನಲ್ಲಿ ನಗು ಮೂಡಿತು, ಹೌದು, ಅವರೇ, ಎಂಬಂತೆ.

ಕಾರು ಆ ಕಟ್ಟಡದ ಮುಂದೆ ಬಂತು. ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಯಾರದೋ ಬಿಳಿ ಅಂಗಿ ಒಣಗುತ್ತಿತ್ತು. ಅಲ್ಲಿಂದ ಮುಂದಿನ ಮಾತು ಎಲ್ಲಿಂದ ಬಂತೆಂದು ಶ್ಯಾಮಸುಂದರನಿಗೆ ಎಂದಿಗೂ ತಿಳಿಯಲಿಲ್ಲ. ಅದರಲ್ಲಿ ಆನೆಯಿರಲಿಲ್ಲ, ಅಮೆರಿಕವಿರಲಿಲ್ಲ.

"ಶ್ಯಾಮ, ಉಸಿರು ಸಿಕ್ತಾ ಇಲ್ಲ ಮಾರಾಯ. ನೀನು ಅಲ್ಲಿ ನಿಂತದ್ದು ಇಲ್ಲಿಂದ ಕಾಣ್ತದೆ. ಒಮ್ಮೆ ಗಾಡಿ ತಕೊಂಡು ಬಾ. ಪೊಲೀಸಿನವರ ಹತ್ರ ನಾನು ಮಾತಾಡ್ತೇನೆ. ಲಿಜ್ಜಿಗೆ ಹೇಳ್ಬೇಡ, ಹೆದರ್ತಾಳೆ. ನನ್ನನ್ನು ಇಲ್ಲಿಂದ ಹೊರಗೆ ಕರ್ಕೊಂಡು ಹೋಗು ಮಾರಾಯ."

ಬ್ರೇಕು ಬಿತ್ತು. ಹಿಂದಿನ ಗಾಡಿಗಳು ಹಾರ್ನ್ ಮಾಡತೊಡಗಿದವು. ಲಿಜ್ಜಿ ಅವನ ತೋಳನ್ನು ಹಿಡಿದಳು. ಮಾತಾಡಿದ್ದು ಅವನೊಡನಲ್ಲ.

"ಪುರೊ ಬೊನಾ," ಎಂದಳು ಕೊಂಕಣಿಯಲ್ಲಿ. "ಪುರೊ ಆತಾಂ. ಘರಾ ಯೆ."

ಸಾಕು, ಮನೆಗೆ ಬಾ ಎಂಬಷ್ಟು ಕೊಂಕಣಿ ಶ್ಯಾಮಸುಂದರನಿಗೂ ಬರುತ್ತಿತ್ತು. ಹಿಂದೆ ಕಾವೇರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು.

ದೊಡ್ಡ ರಸ್ತೆಗೆ ಬಂದ ಮೇಲೆ ಲಿಜ್ಜಿ ಕಣ್ಣೊರೆಸಿಕೊಂಡು ಕೇಳಿದಳು: "ಅದು ನೀವು ಕಟ್ಟಿ ಹೇಳಿದ್ದಾ ಶ್ಯಾಮಣ್ಣ?"

"ಗೊತ್ತಿಲ್ಲ ಅಕ್ಕ. ಅವನು ನಂಗೆ ಯಾವತ್ತೂ ಹಂಗೆ ಹೇಳಿರ್ಲಿಲ್ಲ. ಸುಳ್ಳು ಹೇಳಬಾರ್ದು."

"ಸುಳ್ಳೋ ಸತ್ಯವೋ, ಇದು ಅವರ ಬಾಕಿ ಉಳಿದ ವಾರ," ಎಂದಳು. "ಮಗಳಿಗೆ ನಾನು ಇದನ್ನೇ ಹೇಳ್ತೇನೆ. ನಿಮ್ಮ ಆಟದ ವಿಷಯವನ್ನೂ ಹೇಳ್ತೇನೆ, ಎಲ್ಲ. ಅಪ್ಪ ಆರಿಸಿದ್ದಲ್ಲ, ಅವರ ಸರದಿ ಬದಲಾಗ್ಲಿಲ್ಲ ಅಂತ. ನಂಬಿದ್ರೆ ನಂಬ್ಲಿ." ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ನಿಮ್ಮ ಮೇಲೆ ನಂಗೆ ಕೋಪ ಇಲ್ಲ ಅಂತ ಹೇಳುದಿಲ್ಲ ನಾನು. ಉಂಟು. ಆದ್ರೆ ಅವರ ಮೇಲೆ ಇದ್ದದ್ದು ಹೋಯ್ತು."

ಮರುದಿನ ನತಾಶಾ ತಾಯಿಯೊಡನೆ ಸುಲೈಬಿಖಾತಿಗೆ ಹೋದಳಂತೆ. ರೋಕ್ ಕರೆದುಕೊಂಡು ಹೋಗಿದ್ದ. ಫೋನಿನಲ್ಲಿ ಅವನೇ ಹೇಳಿದ: "ಹುಡುಗಿ ಅಪ್ಪನಿಗೆ ಒಳ್ಳೆ ಬೈದ್ಲು ಮಾರಾಯ, ಇಂಗ್ಲಿಷಿನಲ್ಲಿ. ಆಮೇಲೆ ಕೂತು ಅತ್ಲು."

ಇನ್ನು ದನಿ ನಿಲ್ಲುತ್ತದೆ ಎಂದು ಶ್ಯಾಮಸುಂದರ ಅಂದುಕೊಂಡ. ಕಾವೇರಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಭಾನುವಾರ ಬೆಳಗ್ಗೆ ಮಬ್ಬಾದ ದೂಳು ಕವಿದಿತ್ತು. ಫಾಹೀಲ್ ದಾಟುವವರೆಗೆ ಏನೂ ಇರಲಿಲ್ಲ. ಚಿಮಣಿಯ ಬೆಂಕಿ ದೂಳಿನೊಳಗೆ ಕೆಂಪಗೆ ಹರಡಿ ಕಂಡಾಗ ಬಲಕಿವಿಯ ಪಕ್ಕದಲ್ಲಿ ಉಸಿರು ಕೇಳಿಸಿತು. ವಾದವಲ್ಲ, ತಮಾಷೆಯಲ್ಲ.

"ಶ್ಯಾಮ, ಗಾಡಿ ತಕೊಂಡು ಬಾ ಮಾರಾಯ."

ಅವನಿಗೆ ಒಮ್ಮೆಲೇ ಅರ್ಥವಾಯಿತು. ಬೊನವೆಂಚರನ ಸರದಿ ಬದಲಾಗಿತ್ತು. ಅವನದು ಬದಲಾದರೆ ತನ್ನದೂ ಬದಲು. ಬೇಲಿ ಬೇಡವೆಂದು ಇಷ್ಟು ವರ್ಷ ಹೇಳಿದವನು ಇನ್ನು ಬೇಲಿಯ ಪರವಾಗಿ ಮಾತಾಡಬೇಕು. ಅದೂ ಬೇಲಿಯೊಳಗಿಂದ ಕರೆಯುತ್ತಿರುವವನಿಗೆ. ಕಾಲುಬಾಯಿ ಜ್ವರದ ದನ ನೆನಪಾಯಿತು, ಊರು ಉಳಿಯಬೇಕೆಂಬ ಮಾತು ನೆನಪಾಯಿತು. ಅವು ಸುಳ್ಳೇನೂ ಅಲ್ಲ. ಆದರೂ ಯಾವುದೂ ನಾಲಿಗೆಯವರೆಗೆ ಬರಲಿಲ್ಲ.

"ಶ್ಯಾಮ?"

ಅವನು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದುಕೊಂಡ.

"ಇನ್ನೇನು ಬೋನ," ಎಂದ ಮೆಲ್ಲಗೆ. "ಸ್ವಲ್ಪ ದಿನ ಅಷ್ಟೇ. ತಡ್ಕೊ."